ಮೈನಸ್ ನೂರತೊಂಬತ್ತಾರರ ಸಂಸಾರ

ಬಿಸಿಯಾಗೋ ವಸ್ತುವನ್ನ ತಣ್ಣಗಿಡ್ತೀನಿ ಅಂತ ಹೊರಟವರ ಮನೇಲಿ ಏನಾದರೊಂದು ಆಗ್ತಾನೇ ಇರುತ್ತೆ. ನಮ್ಮ ಮನೇಲಿ ಸ್ವಲ್ಪ ಜಾಸ್ತಿಯೇ ಆಗಿದೆ. ಆದಾಗ ಯಾರೂ ನಗಲಿಲ್ಲ. ಈಗಲೂ ಹೇಳುವಾಗ ನನಗೆ ಪೂರ್ತಿ ನಗು ಬರಲ್ಲ.

ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ನಮ್ಮ ಯಜಮಾನರದ್ದು ಮನೆ ಹಿಂದೆಯೇ ನಾಲ್ಕು ಪವರ್‌ಲೂಮ್, ಸೀರೆ ನೇಯ್ಗೆ. ಮನೇಲಿರೋದು ನಾವಿಬ್ಬರು ಮತ್ತು ನಮ್ಮತ್ತೆ.

ಕಾಲೇಜಿನಲ್ಲಿ ಒಂದು ಸಲ ಹಳೇ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕಿದರು. ಹನ್ನೆರಡು ವರ್ಷ ನಾನೇ ಧೂಳು ಒರೆಸಿ ಸಾಕಿದ ಯಂತ್ರಗಳು. 'ಇವು ಯಾತಕ್ಕೂ ಬರಲ್ಲ' ಅಂತ ಚೀಟಿ ಅಂಟಿಸಿದ್ದರು. ಅದರಲ್ಲಿ ಒಂದನ್ನ ಕೇಳಿ ಮನೆಗೆ ತಂದೆ. ಇದು ನಿಜವಾಗಿ ಎಷ್ಟು ಓಡಬಲ್ಲದು ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಲ್ಲ ಅನ್ನೋ ಒಂದು ಸಂಕಟ ನನ್ನನ್ನ ಹಿಡಿದುಕೊಂಡಿತು. ಅದು ಬರೀ ಕಂಪ್ಯೂಟರಿನ ಬಗ್ಗೆ ಹುಟ್ಟಿದ ಸಂಕಟವೋ, ನನ್ನ ಬಗ್ಗೆಯೋ, ಆಗ ಯೋಚಿಸಲಿಲ್ಲ.

ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಅಂತ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚಿಪ್ಪು ಇರುತ್ತೆ. ಲೆಕ್ಕವೆಲ್ಲ ಮಾಡೋದು ಅದೇ. ಇಂತಿಷ್ಟೇ ಮೆಗಾಹರ್ಟ್ಸ್ ವೇಗ ಅಂತ ಗೊತ್ತು ಮಾಡಿ ಕಾರ್ಖಾನೆಯಿಂದ ಕಳಿಸಿರ್ತಾರೆ. ಅದನ್ನ ಮೀರಿ ಓಡಿಸೋದಕ್ಕೆ ಓವರ್‌ಕ್ಲಾಕಿಂಗ್ ಅಂತಾರೆ. ಓಡುತ್ತೆ, ಆದರೆ ಕಾಯುತ್ತೆ. ಕಾದರೆ ನಿಂತುಹೋಗುತ್ತೆ, ಇಲ್ಲಾ ಸುಟ್ಟುಹೋಗುತ್ತೆ. ಎಷ್ಟು ತಣ್ಣಗಿಡ್ತೀವೋ ಅಷ್ಟು ಓಟ. ಪ್ರಪಂಚದ ತುಂಬಾ ಇದನ್ನೇ ಹಠ ಹಿಡಿದು ಮಾಡೋ ಜನ ಇದ್ದಾರೆ. ಯಾರ ಚಿಪ್ಪು ಎಷ್ಟು ಓಡಿತು ಅಂತ ಪಟ್ಟಿ ಹಾಕೋ ಜಾಲತಾಣವೂ ಇದೆ.

"ಇದರಿಂದ ಏನು ಉಪಯೋಗ?" ಅಂತ ನಮ್ಮತ್ತೆ ಮೊದಲ ದಿನವೇ ಕೇಳಿದರು.

"ನೀವು ದಿನಾ ರಂಗೋಲಿ ಬಿಡ್ತೀರಲ್ಲ ಅತ್ತೆ, ಅದರಿಂದ ಏನು ಉಪಯೋಗ?" ಅಂದೆ.

"ಅದಕ್ಕೆ ಲಕ್ಷ್ಮಿ ಬರ್ತಾಳೆ. ಇದಕ್ಕೆ ಕರೆಂಟ್ ಬಿಲ್ ಬರುತ್ತೆ."

ಮಡಿಕೆಯ ಮಾನ

ಮೊದಲು ಮಾಡಿದ್ದು ನೀರಿನ ಉಪಾಯ. ಚಿಪ್ಪಿನ ಮೇಲೆ ತಾಮ್ರದ ಒಂದು ಡಬ್ಬಿ ಕೂರಿಸಿ, ಮೀನಿನ ತೊಟ್ಟಿಗೆ ಹಾಕೋ ಪುಟ್ಟ ಪಂಪಿನಿಂದ ಅದರೊಳಗೆ ನೀರು ಓಡಿಸೋದು. ಬಕೆಟ್ ನೀರು ಗಂಟೆಯೊಳಗೆ ಬಿಸಿಯಾಗಿಬಿಡೋದು. ಮಡಿಕೆ ಆದರೆ ತಾನಾಗೇ ತಣ್ಣಗಿರುತ್ತಲ್ಲ ಅಂತ ಸಂತೆಯಿಂದ ನಲ್ಲಿ ಇರೋ ಒಂದು ದೊಡ್ಡ ಮಡಿಕೆ ತಂದು, ಪೈಪು ಎರಡನ್ನೂ ಅದರ ಬಾಯೊಳಗೆ ಇಳಿಬಿಟ್ಟೆ.

ಏಪ್ರಿಲ್ ತಿಂಗಳು. ನಾನು ಕಾಲೇಜಿಗೆ ಹೋಗಿದ್ದೆ, ಕಂಪ್ಯೂಟರ್ ಓಡ್ತಾನೇ ಇತ್ತು. ಅತ್ತೆ ಹೊಸ ಮಡಿಕೆ ನೋಡಿದ್ದಾರೆ. ಪೈಪು ನೋಡಿ 'ಫಿಲ್ಟರ್ ಹಾಕ್ಸಿದಾಳೆ, ಪಾಪ' ಅಂದುಕೊಂಡಿದ್ದಾರೆ. ಒಂದು ಲೋಟ ಹಿಡಿದು ಕುಡಿದಿದ್ದಾರೆ. ಬೆಚ್ಚಗಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದಿದ್ದಾರೆ. ಇನ್ನೂ ಬೆಚ್ಚಗಿದೆ. ಸುಮ್ಮನಿರೋ ಹೆಂಗಸಲ್ಲ. ಅವತ್ತೂ ಸಂತೆ ದಿನ. ಆಟೋ ಹತ್ತಿ ಹೋಗಿ ಮಡಿಕೆ ಮಾರಿದವರನ್ನ ಹುಡುಕಿ, "ನಿನ್ನ ಮಡಿಕೇಲಿ ನೀರು ಕಾಯುತ್ತೆ ಕಣಪ್ಪ" ಅಂತ ದೂರು ಕೊಟ್ಟು ಬಂದಿದ್ದಾರೆ.

ನಾನು ಮನೆಗೆ ಬರೋ ಹೊತ್ತಿಗೆ ಆ ಮಡಿಕೆಯವರು ನಮ್ಮ ನಡುಮನೇಲಿ ಮಡಿಕೆ ಮುಂದೆ ಕೂತಿದ್ದರು. ಅರವತ್ತು ದಾಟಿದ ವಯಸ್ಸು. ಕೈ ಅದ್ದಿ ನೋಡಿದ್ದಾರೆ, ನಿಜವಾಗಲೂ ಬೆಚ್ಚಗಿದೆ. ಮುಖ ಬಾಡಿಹೋಗಿತ್ತು.

"ನಲವತ್ತು ವರ್ಷದಿಂದ ಮಾಡ್ತಾ ಇದೀನಮ್ಮ. ಮಣ್ಣು ಸೋಸೋದು ಕೂಡ ನಾನೇ. ಇಂಥದ್ದು ಆಗಿಲ್ಲ" ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೈಪು, ಪಂಪು, ಚಿಪ್ಪು ಎಲ್ಲಾ ತೋರಿಸಿ, ಬಿಸಿ ಎಲ್ಲಿಂದ ಬರ್ತಿದೆ ಅಂತ ವಿವರಿಸಿದೆ. ಅವರು ಚಿಪ್ಪಿನ ಮೇಲಿನ ತಾಮ್ರದ ಡಬ್ಬಿಯನ್ನ ಬೆರಳಲ್ಲಿ ಮುಟ್ಟಿ ನೋಡಿದರು.

"ಹಂಗಾದ್ರೆ ತಪ್ಪು ಮಡಿಕೇದಲ್ಲ?"

"ಖಂಡಿತ ಅಲ್ಲ ಅಣ್ಣ."

"ನಿಮ್ಮತ್ತೆ ಸಂತೇಲಿ ಎಲ್ರ ಎದುರಿಗೆ ಹೇಳವ್ರೆ. ನೀವೂ ಅಲ್ಲೇ ಬಂದು ಹೇಳ್ಬೇಕು."

ನ್ಯಾಯವಾದ ಮಾತು. ಮುಂದಿನ ಸಂತೆ ದಿನ ಹೋಗಿ ಅವರ ಮಡಿಕೆ ಸಾಲಿನ ಪಕ್ಕ ನಿಂತು, "ಇವರ ಮಡಿಕೆ ಚೆನ್ನಾಗಿದೆ, ನಮ್ಮ ಕಂಪ್ಯೂಟರಿನದೇ ತಪ್ಪು" ಅಂತ ಗಟ್ಟಿಯಾಗಿ ಹೇಳಿದೆ. ಮಡಿಕೆ ಬಡಿದು ನೋಡ್ತಿದ್ದ ಒಬ್ಬ ಹೆಂಗಸು ತಲೆ ಎತ್ತಿ ಕೇಳಿದಳು:

"ಅಲ್ಲಕ್ಕಾ, ಅಂಥ ಕಂಪ್ಯೂಟ್ರು ಯಾವ ಅಂಗಡೀಲಿ ತಗೊಂಡ್ರಿ? ನಾವು ಆ ಕಡೆ ತಲೆ ಹಾಕಲ್ಲ."

ಹೆಣ್ಣುಕರಾನೇ ಆಗ್ಲಿ

ನೀರು ಸಾಲದಾಯಿತು. ದೊಡ್ಡ ಓಟಗಾರರೆಲ್ಲ ಬಳಸೋದು ದ್ರವ ನೈಟ್ರೋಜನ್. ಸೊನ್ನೆಗಿಂತ ನೂರತೊಂಬತ್ತಾರು ಡಿಗ್ರಿ ಕೆಳಗೆ. ಚಿಪ್ಪಿನ ಮೇಲೆ ತಾಮ್ರದ ಗಿಂಡಿ ಕೂರಿಸಿ ಅದರೊಳಗೆ ಸ್ವಲ್ಪಸ್ವಲ್ಪವೇ ಸುರೀತಾ ಇರಬೇಕು. ಇದು ವಿದೇಶದವರ ಭಾಗ್ಯ ಅಂದುಕೊಂಡಿದ್ದೆ. ಆಮೇಲೆ ಜ್ಞಾಪಕ ಬಂತು, ನಮ್ಮ ಭಾವ ಅದನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುತ್ತಾರಲ್ಲ ಅಂತ.

ಭಾವ ಅಂದರೆ ನಮ್ಮಕ್ಕನ ಗಂಡ. ರಾಜಘಟ್ಟದ ಕಡೆ ಹಳ್ಳಿಗಳಲ್ಲಿ ಹಸುಗಳಿಗೆ ಗಬ್ಬ ಕಟ್ಟಿಸೋ ಇಂಜೆಕ್ಷನ್ ಕೊಡ್ತಾರೆ. ಹೋರಿಯ ವೀರ್ಯದ ಕಡ್ಡಿಗಳು ಕೆಡದೇ ಇರೋದು ಈ ನೈಟ್ರೋಜನ್ ಕ್ಯಾನಿನಲ್ಲೇ. ಜನ ಅವರನ್ನ ಡಾಕ್ಟ್ರೇ ಅಂತಾರೆ, ಅವರು ಬೇಡ ಅನ್ನಲ್ಲ. ಹೊಸ ಕ್ಯಾನು ತಗೊಂಡಿದ್ದರಿಂದ ತಮ್ಮ ಹಳೇದನ್ನ ನನಗೆ ಕೊಟ್ಟು, ತುಂಬಿಸೋ ಜಾಗವನ್ನೂ ತೋರಿಸಿದರು. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬೇಡ ಅಂತ ಮೂರು ಸಲ ಹೇಳಿದರು.

ಕ್ಯಾನಿನ ಮೇಲೆ ಒಂದು ಹಸುವಿನ ಚಿತ್ರ ಇತ್ತು. ಅಳಿಸಬೇಕಿತ್ತು, ಅಳಿಸಲಿಲ್ಲ.

ತುಂಬಿಸಿಕೊಂಡು ಸ್ಕೂಟರಿನಲ್ಲಿ ಬರ್ತಾ ಇದೀನಿ. ಅಕ್ಕನ ಮನೆಗೆ ಹೋಗಿ ಹೋಗೋಣ ಅಂತ ಹಳ್ಳಿ ದಾರಿ ಹಿಡಿದಿದ್ದೆ. ರಸ್ತೆ ಮಧ್ಯಕ್ಕೆ ಬಂದು ಒಬ್ಬ ಹೆಂಗಸು ಎರಡೂ ಕೈ ಚಾಚಿ ನಿಂತಳು.

"ನಿಲ್ಸಮ್ಮಾ, ನಿಲ್ಸು. ಹಸ ಬೆಳಗ್ಗಿಂದ ಕೂಗ್ತಾ ಐತೆ. ಬೆದೆ ಇಳ್ದ್ಹೋದ್ರೆ ಇನ್ನ ಇಪ್ಪತ್ತೊಂದು ದಿನ ಕಾಯ್ಬೇಕು."

"ನಾನು ಡಾಕ್ಟ್ರಲ್ಲಮ್ಮ."

"ಗೊತ್ತು ಬಿಡಿ, ಅವ್ರೂ ಡಾಕ್ಟ್ರಲ್ಲ. ಬನ್ನಿ."

"ಈ ಕ್ಯಾನಲ್ಲಿ ಏನೂ ಇಲ್ಲ, ಬರೀ ನೈಟ್ರೋಜನ್ನು."

ಅವಳು ನನ್ನನ್ನ ನಂಬಲಿಲ್ಲ. ಮುಚ್ಚಳದ ಸಂದಿಯಿಂದ ಬಿಳೀ ಹೊಗೆ ಏಳ್ತಾ ಇದೆ, ಹಸುವಿನ ಚಿತ್ರ ಇದೆ, ಏನೂ ಇಲ್ಲ ಅಂದರೆ ಯಾರು ನಂಬ್ತಾರೆ? ಸ್ಕೂಟರಿನ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಮುಖ ನೋಡಿದರೆ ಬಯ್ಯೋಕೂ ಮನಸ್ಸು ಬರಲಿಲ್ಲ. ಹೋದ ಎರಡು ಸಲವೂ ಹೊತ್ತು ಮೀರಿ ಗಬ್ಬ ನಿಂತಿರಲಿಲ್ಲವಂತೆ. ಮನೆಗೆ ಆಧಾರ ಅದೊಂದೇ ಹಸು. ಭಾವನಿಗೆ ಫೋನ್ ಮಾಡಿದೆ. ಅವರು ಬರೋವರೆಗೂ ಅವಳ ಕೊಟ್ಟಿಗೆ ಮುಂದೆ ಮಜ್ಜಿಗೆ ಕುಡೀತಾ ಕೂತೆ.

ಭಾವ ಬಂದು ಕೆಲಸ ಮುಗಿಸಿದ ಮೇಲೆ ಅವಳಿಗೆ ಸಮಾಧಾನವಾಯಿತು. ಕೀ ಕೊಟ್ಟಳು.

"ಮತ್ತೆ ನೀವು ಇದನ್ನ ಯಾರಿಗೆ ತಗೊಂಡೋಗ್ತಿದೀರಿ?"

"ನಮ್ಮ ಕಂಪ್ಯೂಟರಿಗೆ."

ಅವಳು ಕ್ಯಾನಿನ ಮೇಲೆ ಕೈ ಇಟ್ಟು, ಮನಸಾರೆ ಹರಸಿದಳು:

"ಒಳ್ಳೇದಾಗ್ಲಿ ತಾಯಿ. ಅದಕ್ಕೂ ಹೆಣ್ಣುಕರಾನೇ ಆಗ್ಲಿ."

ಮಕ್ಕಳ ಡಾಕ್ಟ್ರು

ಇಷ್ಟು ತಣ್ಣಗಾದಾಗ ಗಾಳಿಯಲ್ಲಿರೋ ತೇವವೆಲ್ಲ ಚಿಪ್ಪು ಕೂತಿರೋ ಬೋರ್ಡಿನ ಮೇಲೆ ಮಂಜಾಗಿ ಕೂರುತ್ತೆ, ಕರಗಿ ನೀರಾದರೆ ಎಲ್ಲಾ ಸುಟ್ಟುಹೋಗುತ್ತೆ. ಅದಕ್ಕೆ ಬೋರ್ಡಿಗೆಲ್ಲ ಪೆಟ್ರೋಲಿಯಂ ಜೆಲ್ಲಿ ಮೆತ್ತಬೇಕು. ಮೆಡಿಕಲ್ ಸ್ಟೋರಿಗೆ ಹೋಗಿ ದೊಡ್ಡ ಡಬ್ಬಿ ಮೂರು ಕೇಳಿದೆ. ನಾನು ಅವತ್ತು ಬೇರೆ ಯೋಚನೇಲಿದ್ದೆ. ಅಂಗಡಿಯವರು ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತಾ ಹೋದೆ.

"ಚರ್ಮ ಒಡೆದಿದೆಯಾ ಮೇಡಂ?"

"ಒಡೆದಿಲ್ಲ. ಏನೂ ಆಗ್ಬಾರ್ದು ಅಂತ ಮುಂಚೇನೇ ಹಚ್ತೀವಿ."

"ವಯಸ್ಸೆಷ್ಟು?"

"ಹನ್ನೆರಡು."

"ಮೈಗೆಲ್ಲಾ ಹಚ್ತೀರಾ?"

"ಮೈಗೆಲ್ಲಾ. ಹಚ್ಚಿ, ಮೇಲೆ ಟಿಶ್ಯೂ ಸುತ್ತಿ, ಆಮೇಲೆ ನೈಟ್ರೋಜನ್ ಸುರೀತೀವಿ."

ಅವರು ತೆಗೆದಿಟ್ಟಿದ್ದ ಮೂರು ಡಬ್ಬಿಯನ್ನೂ ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಮೇಡಂ, ನನ್ನ ಮಾತು ಕೇಳಿ. ಒಂದು ಸಲ ಮಕ್ಕಳ ಡಾಕ್ಟ್ರಿಗೆ ತೋರ್ಸಿ."

ಕಿಟಕಿ

ಇದನ್ನ ಹೇಳದೆ ಬಿಟ್ಟುಬಿಡೋಣ ಅನ್ನಿಸುತ್ತೆ. ಆದರೆ ಬಿಟ್ಟರೆ ಮುಂದಿನದು ಅರ್ಥವಾಗಲ್ಲ.

ನಮ್ಮ ಯಜಮಾನರು ಮಾತು ಕಮ್ಮಿ. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವರು, ಮಾತಾಡಿದರೆ ಕೂಗಬೇಕು, ಅದಕ್ಕಿಂತ ಸುಮ್ಮನಿರೋದು ವಾಸಿ ಅಂತ ಅಭ್ಯಾಸವಾಗಿದೆ. ನನ್ನ ಈ ಹುಚ್ಚಿನ ಬಗ್ಗೆ ಒಂದು ದಿನವೂ ಹೌದು ಅಂದವರಲ್ಲ, ಬೇಡ ಅಂದವರೂ ಅಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಹಿಂದಿನ ಕೋಣೇಲಿ ನೈಟ್ರೋಜನ್ ಸುರೀತಾ ಇದ್ದಾಗ ತಾವಾಗೇ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅವರು ಬರುವಾಗ ನನ್ನ ಬೆನ್ನ ಹಿಂದಿನ ಕಿಟಕಿ ಎರಡನ್ನೂ ಮುಚ್ಚಿಕೊಂಡು ಬಂದದ್ದನ್ನ ಗಮನಿಸಲೇ ಇಲ್ಲ.

ನೈಟ್ರೋಜನ್ ವಿಷವಲ್ಲ. ಅದಕ್ಕೆ ವಾಸನೆಯೂ ಇಲ್ಲ. ಉಸಿರಾಡೋ ಗಾಳಿಯನ್ನ ಒತ್ತರಿಸಿ ತಾನು ತುಂಬಿಕೊಳ್ಳುತ್ತೆ, ಅಷ್ಟೆ. ತಣ್ಣಗಿರೋದರಿಂದ ಮೊದಲು ನೆಲದ ಮಟ್ಟದಲ್ಲೇ ಹರಡುತ್ತೆ. ನಾನು ನಿಂತಿದ್ದೆ. ಅವರು ಕೂತಿದ್ದರು.

"ಎಷ್ಟಾಯ್ತು?" ಅಂದರು. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ "ಎಷ್ಟಾಯ್ತು?" ಅಂದರು, ನಾಲಿಗೆ ತೊದಲಿತು. ತಿರುಗಿ ನೋಡಿದರೆ ಪಕ್ಕಕ್ಕೆ ವಾಲಿದ್ದರು. ಬಗ್ಗಿ ಎತ್ತೋಕೆ ಹೋದರೆ ನನಗೂ ತಲೆ ತಿರುಗಿತು. "ಅತ್ತೇ" ಅಂತ ಕಿರುಚಿದ್ದು ನೆನಪಿದೆ. ಎಪ್ಪತ್ತು ದಾಟಿದ ಅತ್ತೆ ಬಂದು ಬಾಗಿಲು ತೆರೆದು ಮಗನ ಎರಡೂ ಕಾಲು ಹಿಡಿದರು. ನಾನು ಭುಜ ತಳ್ಳಿದೆ. ಅಂಗಳಕ್ಕೆ ಎಳೆದು ಹಾಕಿದೆವು.

ಗಾಳಿ ಸಿಕ್ಕಿದ ಕೂಡಲೇ ಕಣ್ಣು ಬಿಟ್ಟರು. ಆದರೂ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಆಕ್ಸಿಜನ್ ಕೊಟ್ಟರು. ನಾನು ಅವರ ಕಾಲಿನ ಹತ್ತಿರ ನಿಂತಿದ್ದೆ. ಡಾಕ್ಟ್ರು ನನ್ನ ಕಡೆ ತಿರುಗಿ, "ಮನೇಲಿ ನೈಟ್ರೋಜನ್ ಯಾಕಮ್ಮ ಇಟ್ಕೊಂಡಿದ್ರಿ?" ಅಂದರು.

ಯಜಮಾನರು ಮೂಗಿನ ಮೇಲಿದ್ದ ಮಾಸ್ಕ್ ಸರಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗೋಸ್ಕರ ಹೇಳಿದ ಒಂದೇ ಒಂದು ಸುಳ್ಳು ಅದು.

"ಹಸು ಇದೆ ಸಾರ್. ಇಂಜೆಕ್ಷನ್ನಿಗೆ."

"ಎಷ್ಟು ಹಸು?"

ಅವರು ಹಿಂದೆ ಮುಂದೆ ಯೋಚನೆ ಮಾಡಿರಲಿಲ್ಲ. ನನ್ನ ಮುಖ ನೋಡಿದರು, ಸೀಲಿಂಗ್ ನೋಡಿದರು.

"ಇನ್ನೂ ತಂದಿಲ್ಲ ಸಾರ್."

ಆಮೇಲೆ ಕೇಳಿದೆ, "ಕಿಟಕಿ ಯಾಕೆ ಮುಚ್ಚಿದ್ರಿ ರೀ?"

"ಅಷ್ಟು ಕಷ್ಟಪಟ್ಟು ತಣ್ಣಗೆ ಮಾಡ್ತೀಯ. ಆಚೆ ಹೋಗ್ಬಾರ್ದು ಅಂತ."

ಇದ್ದೀಯಾ?

ಮನೆಗೆ ಬಂದವಳೇ ತಾಮ್ರದ ಗಿಂಡಿ, ಪೈಪು, ಎಲ್ಲಾ ಮೂಟೆ ಕಟ್ಟಿದೆ. ಇನ್ನು ಮುಟ್ಟಲ್ಲ ಅಂದೆ. ಒಂದು ತಿಂಗಳು ಮುಟ್ಟಲಿಲ್ಲ.

ಬಿಚ್ಚಿಸಿದ್ದು ಅತ್ತೆ. ಒಂದು ದಿನ ಮೂಟೆ ತಂದು ನನ್ನ ಮುಂದೆ ಇಟ್ಟರು.

"ಎಷ್ಟು ಬರ್ಬೇಕಿತ್ತು?"

"ಆರು ಸಾವಿರ ಅತ್ತೆ."

"ಎಷ್ಟು ಬಂದಿದೆ?"

"ಐದು ಸಾವಿರದ ಒಂಬೈನೂರು ದಾಟಿದೆ. ಅಲ್ಲೇ ನಿಂತುಬಿಡುತ್ತೆ."

"ಸೆರಗಿನವರೆಗೂ ನೇಯ್ದು ಯಾರಾದ್ರೂ ಮಗ್ಗದಿಂದ ಸೀರೆ ಕತ್ತರಿಸ್ತಾರೇನೇ? ಮುಗಿಸು."

ಯಜಮಾನರು ಕೋಣೆಯ ಎರಡು ಕಿಟಕಿಯನ್ನೂ ಚೌಕಟ್ಟಿನ ಸಮೇತ ಕಿತ್ತು ಹಾಕಿದರು. ನೆಲದ ಮಟ್ಟಕ್ಕೆ ಗೋಡೆ ಕೊರೆದು ಗಾಳಿ ಎಳೆಯೋ ಫ್ಯಾನ್ ಕೂರಿಸಿದರು. ಅತ್ತೆಯದು ಒಂದೇ ಷರತ್ತು: ಬಾಗಿಲಾಚೆ ತಾವು ಕೂರ್ತಾರೆ, ಆಗಾಗ "ಇದ್ದೀಯಾ?" ಅಂತ ಕೇಳ್ತಾರೆ, ನಾನು "ಇದ್ದೀನಿ" ಅನ್ನಬೇಕು. ನೂಲಿನ ಧೂಳು ಒಳಗೆ ಬರದಿರಲಿ ಅಂತ ಬಾಗಿಲು ಮಾತ್ರ ಮುಂದಕ್ಕೆ ಎಳೆದಿರೋದು.

ಪಕ್ಕದಲ್ಲಿ ನಾಲ್ಕು ಮಗ್ಗ ಓಡ್ತಿರುತ್ತೆ. ಮೆಲ್ಲಗೆ ಕೇಳಿದರೆ ಕೇಳಿಸಲ್ಲ. ಅತ್ತೆ ಅವರೇಕಾಯಿ ಸುಲೀತಾ, ಗಂಟಲು ಹರಿಯೋ ಹಾಗೆ ಕೂಗೋರು: "ಇದ್ದೀಯೇನೇ?" ನಾನು ಒಳಗಿಂದ: "ಇದ್ದೀನಿ!" ಐದು ನಿಮಿಷಕ್ಕೆ ಮತ್ತೆ: "ಇನ್ನೂ ಇದ್ದೀಯಾ?" "ಇನ್ನೂ ಇದ್ದೀನಿ!"

ನಾಲ್ಕು ಭಾನುವಾರ ಬೀದಿಯವರು ಇದನ್ನ ಕೇಳಿಸಿಕೊಂಡರು. ಐದನೇ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ಹೊತ್ತಿಗೆ ಎದುರುಮನೆ ಟೀಚರಮ್ಮ, ಅಂದರೆ ಅಂಗನವಾಡಿಯಿಂದ ನಿವೃತ್ತರಾದವರು, ಇನ್ನೂ ನಾಲ್ಕು ಜನ ಹೆಂಗಸರನ್ನ ಕರೆದುಕೊಂಡು ನಮ್ಮ ಹಿತ್ತಲಿಗೆ ಬಂದರು. ನಾನು ಒಳಗಿದ್ದೆ. ಮಗ್ಗದ ಸದ್ದಿನ ಮೇಲೆ ಟೀಚರಮ್ಮನ ದನಿ ಕೇಳಿಸಿತು.

"ನೋಡಿ, ನೀವು ದೊಡ್ಡವರು. ದುಡಿಯೋ ಸೊಸೇನ ರಜಾ ದಿನ ಕೋಣೇಲಿ ಕೂಡಿಹಾಕಿ, ಇನ್ನೂ ಇದ್ದೀಯಾ ಇನ್ನೂ ಇದ್ದೀಯಾ ಅಂತ ಕೇಳೋದು ಏನು ಚೆಂದ? ಅವಳು ಹೋಗ್ಲಿ ಅಂತ ಕಾಯ್ತಿದೀರಾ?"

"ಹೋಗ್ಬಾರ್ದು ಅಂತ ಕಣಮ್ಮ ಕೇಳೋದು" ಅಂದರು ಅತ್ತೆ. "ಇರಿ, ನಿಮ್ಮೆದುರಿಗೇ ಕೇಳ್ತೀನಿ. ಇದ್ದೀಯೇನೇ?"

ಅದೇ ಹೊತ್ತಿಗೆ ಪರದೆಯ ಮೇಲೆ ಆ ಅಂಕಿ ಬಂದಿತ್ತು. ಆರು ಸಾವಿರದ ಹದಿನೆಂಟು. ಒಂದು ಗುಂಡಿ ಒತ್ತಿ ಅದನ್ನ ಉಳಿಸಿಕೊಳ್ಳಬೇಕು. ಅಷ್ಟು ಎತ್ತರದಲ್ಲಿ ಯಂತ್ರ ಎಷ್ಟು ಸೂಕ್ಷ್ಮವಾಗಿರುತ್ತೆ ಅಂದರೆ ಉಸಿರು ಬಿಟ್ಟರೂ ನಿಂತುಹೋಗುತ್ತೇನೋ ಅನ್ನೋ ಭಯ. ನಾನು ಉಸಿರು ಕಟ್ಟಿ, ಗ್ಲೌಸ್ ಹಾಕಿದ ಬೆರಳನ್ನ ಗುಂಡಿಯ ಕಡೆ ತರ್ತಾ ಇದ್ದೆ.

"ಇದ್ದೀಯೇನೇ?"

ನಾನು ಉತ್ತರ ಕೊಡಲಿಲ್ಲ.

"ಇದ್ದೀಯಾ? ಏನೇ?"

ನೇಯ್ಗೆಯವರ ಮನೇಲಿ ಯಾರದಾದರೂ ಕೈಯೋ ಸೆರಗೋ ಮಗ್ಗಕ್ಕೆ ಸಿಕ್ಕಿಕೊಂಡರೆ, ಮನುಷ್ಯರ ಹತ್ತಿರ ಓಡಲ್ಲ. ಮೊದಲು ಮೇನ್ ಸ್ವಿಚ್ ಇಳಿಸ್ತಾರೆ. ಅತ್ತೆಗೆ ಅದು ರಕ್ತದಲ್ಲೇ ಇದೆ. ಅವರು ಮೇನ್ ಸ್ವಿಚ್ ಇಳಿಸಿದರು.

ಪರದೆ ಕಪ್ಪಾಯಿತು. ನಾಲ್ಕು ಮಗ್ಗವೂ ನಿಂತವು. ನಮ್ಮ ಮನೇಲಿ ಹಗಲು ಹೊತ್ತು ಅಂಥ ಮೌನವನ್ನ ನಾನು ಕೇಳಿರಲಿಲ್ಲ. ಬಾಗಿಲು ದಢಾರಂತ ತೆರೆದುಕೊಂಡು ಅತ್ತೆ ಒಳಗೆ ಬಂದರು, ಹಿಂದೆ ಐದು ಜನ ಹೆಂಗಸರು. ಮೇಜಿನಿಂದ ಬಿಳೀ ಹೊಗೆ ಇಳೀತಾ ಇತ್ತು.

"ಇದ್ದೀನಿ ಅತ್ತೆ" ಅಂದೆ.

ಅತ್ತೆ ಕೈ ಎತ್ತಿದರು. ಹೊಡೀತಾರೆ ಅಂದುಕೊಂಡೆ. ನನ್ನ ಕೆನ್ನೆ ಮುಟ್ಟಿ ನೋಡಿದರು, ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರು. ಆಮೇಲೆ, "ಇದ್ರೆ ಇದ್ದೀನಿ ಅನ್ನೋಕೆ ಏನೇ ರೋಗ ನಿಂಗೆ" ಅಂತ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತು ಅಳೋಕೆ ಶುರು ಮಾಡಿದರು.

ಜಗಳಕ್ಕೆ ಬಂದಿದ್ದ ಟೀಚರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಮ್ಮತ್ತೆ ಇರೋವರೆಗೂ ನನ್ನ ಒಂದು ಸಲಾನೂ ಹಿಂಗೆ ಕೇಳ್ಲಿಲ್ಲ" ಅಂದರು.

ಕರೆಂಟ್ ಕೊಟ್ಟು ನೋಡಿದೆ. ಚಿಪ್ಪು ಎದ್ದೇಳಲಿಲ್ಲ. ಎರಡು ಮೂರು ಸಲ ಒತ್ತಿದರೂ ಏಳಲಿಲ್ಲ. ಅದರ ಆಯಸ್ಸು ಅಷ್ಟೇ ಇತ್ತು. ಆರು ಸಾವಿರದ ಹದಿನೆಂಟನ್ನ ನೋಡಿದವಳು ನಾನೊಬ್ಬಳೇ, ಅದು ಎಲ್ಲೂ ದಾಖಲಾಗಲಿಲ್ಲ ಅಂತ ಅವರಿಗೆಲ್ಲ ಬಿಡಿಸಿ ಹೇಳುವಾಗ ನಾನೂ ಅತ್ತುಬಿಟ್ಟೆ. ಮಗ್ಗದ ಕಡೆಯಿಂದ ಬಂದ ಯಜಮಾನರು ನನ್ನ ಕೈಯಿಂದ ಗ್ಲೌಸ್ ಬಿಚ್ಚಿಕೊಟ್ಟರು.

ಅತ್ತೆ ಕಣ್ಣು ಒರೆಸಿಕೊಂಡು ಎದ್ದರು.

"ಬರೆದು ಕೊಡೋಣ. ಐದು ಜನ ಸಾಕ್ಷಿ ಇದ್ದಾರೆ, ನಾನಿದೀನಿ. ಎಲ್ಲಿ ಸೈನ್ ಹಾಕ್ಬೇಕು ಹೇಳು."

"ಆದ್ರೆ ನಾವು ಯಾರೂ ನೋಡಿಲ್ವಲ್ಲ" ಅಂದರು ಟೀಚರಮ್ಮ. ಅವರು ಯಾವತ್ತೂ ಸುಳ್ಳು ಹಾಜರಿ ಹಾಕಿದವರಲ್ಲ.

"ನನ್ನ ಸೊಸೆ ಸುಳ್ಳು ಹೇಳಲ್ಲ."

"ಹೇಳಲ್ಲ, ಸರಿ. ನಾವು ಕೂಡ ಹೇಳ್ಬಾರ್ದಲ್ಲ."

ಇಬ್ಬರೂ ಹಠವಾದಿಗಳು. ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಟೀಚರಮ್ಮ ಮನೆಯಿಂದ ಬಿಳೀ ಹಾಳೆ, ನೀಲಿ ಪೆನ್ನು ತರಿಸಿ, ದುಂಡಾದ ಅಕ್ಷರದಲ್ಲಿ ಬರೆದರು. ಐದು ಜನ ಸಹಿ ಮಾಡಿದರು, ಅತ್ತೆ ಹೆಬ್ಬೆಟ್ಟು ಒತ್ತಿದರು. ಜಾಲತಾಣದಲ್ಲಿ ಅಂಥ ಕಾಗದ ಹಾಕೋಕೆ ಜಾಗವಿಲ್ಲ. ಚೌಕಟ್ಟು ಹಾಕಿಸಿ ಆ ಕೋಣೆಯ ಗೋಡೆಗೆ ತೂಗುಹಾಕಿದ್ದೀನಿ. ಅದರಲ್ಲಿರೋದು ಇಷ್ಟು:

'ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿಯವರ ಮನೆಯಲ್ಲಿ ಈ ದಿನ ಆರು ಸಾವಿರದ ಹದಿನೆಂಟು ಬಂದಿತ್ತೆಂದು ಸದರಿಯವರು ಅಳುತ್ತಾ ಹೇಳಿದ್ದನ್ನು ನಾವು ಕಿವಿಯಾರೆ ಕೇಳಿರುತ್ತೇವೆ ಹಾಗೂ ನಂಬಿರುತ್ತೇವೆ. ಬಂದಿದ್ದು ಏನು ಎಂಬುದು ನಮಗೆ ಯಾರಿಗೂ ತಿಳಿದಿರುವುದಿಲ್ಲ.'